ಮೂರು ಲಕ್ಷ ಡಾಲರಿನ ಭಯ

ಹಾರರ್ ಸಿನಿಮಾ ಇಷ್ಟ ಅಂದರೆ ಜನ ಹೇಗೋ ಒಪ್ಪಿಕೊಳ್ಳುತ್ತಾರೆ. ದೆವ್ವ, ಪಾಳು ಬಂಗಲೆ, ತೀರದ ಸೇಡು, ಇವೆಲ್ಲ ಅಜ್ಜಿ ಹೇಳಿದ ಕಥೆಗಳಲ್ಲೂ ಇದ್ದವು. ಸ್ಲಾಷರ್ ಇಷ್ಟ ಅಂದರೆ ಮಾತ್ರ ಎದುರಿನವರು ಒಂದು ಕ್ಷಣ ಸುಮ್ಮನೆ ಮುಖ ನೋಡುತ್ತಾರೆ. ಮುಖವಾಡದವನೊಬ್ಬ, ಕೈಯಲ್ಲೊಂದು ಚಾಕು, ಒಬ್ಬರ ಹಿಂದೊಬ್ಬರು ಸಾಯುವ ಹುಡುಗ ಹುಡುಗಿಯರು. ಇದರಲ್ಲಿ ಇಷ್ಟಪಡಲಿಕ್ಕೆ ಏನಿದೆ ಅನ್ನುವುದು ಅವರ ಪ್ರಶ್ನೆ. ಅದರಲ್ಲೂ ನಾನು ಹುಡುಕಿಕೊಂಡು ಹೋಗುವುದು ಕೈಯಲ್ಲಿ ಕಾಸಿಲ್ಲದವರು ಮಾಡಿದ ಸ್ಲಾಷರ್‌ಗಳನ್ನು ಅಂತ ಗೊತ್ತಾದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಅಂಥವರಿಗೆ ನನ್ನ ಉತ್ತರ ಇದು. ದೊಡ್ಡ ಬಜೆಟ್ಟಿನ ಸಿನಿಮಾದಲ್ಲಿ ದುಡ್ಡು ಎಲ್ಲೆಲ್ಲೂ ಹರಡಿಕೊಂಡಿರುತ್ತದೆ, ನಿರ್ದೇಶಕನಿಗೆ ಯಾವುದು ಮುಖ್ಯವಾಗಿತ್ತು ಅಂತ ಪತ್ತೆ ಹಚ್ಚುವುದು ಕಷ್ಟ. ಸಣ್ಣ ಬಜೆಟ್ಟಿನ ಸ್ಲಾಷರ್‌ನಲ್ಲಿ ಆ ಆಯ್ಕೆ ಬರಿಗಣ್ಣಿಗೆ ಕಾಣುತ್ತದೆ. ಇದ್ದದ್ದು ಇಷ್ಟೇ, ಅದನ್ನು ಎಲ್ಲಿ ಹಾಕಿದರು, ಎಲ್ಲಿ ಕೈ ಬಿಗಿ ಹಿಡಿದರು, ಕೊರತೆ ಬಿದ್ದಲ್ಲಿ ಅದನ್ನು ಯಾರು ತುಂಬಿದರು? ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದರೆ ಒಳ್ಳೆಯ ಸ್ಲಾಷರ್ ಯಾವುದು, ಸೋಮಾರಿತನದ ಸ್ಲಾಷರ್ ಯಾವುದು ಅನ್ನುವುದು ತಾನಾಗಿಯೇ ಬೇರೆಯಾಗುತ್ತದೆ.

1978ರ 'ಹ್ಯಾಲೋವೀನ್' ಚಿತ್ರದ ಬಜೆಟ್ ಸುಮಾರು 3 ಲಕ್ಷ ಡಾಲರ್. ಕಥೆ ನಡೆಯುವುದು ಇಲಿನಾಯ್ ರಾಜ್ಯದ ಊರೊಂದರಲ್ಲಿ, ಅಕ್ಟೋಬರ್ ಕೊನೆಯಲ್ಲಿ, ಮರಗಳು ಎಲೆ ಉದುರಿಸುವ ಹೊತ್ತಿನಲ್ಲಿ. ಶೂಟಿಂಗ್ ನಡೆದದ್ದು ಲಾಸ್ ಏಂಜಲೀಸ್ ಸುತ್ತಮುತ್ತ, ವಸಂತದಲ್ಲಿ, ಎಲ್ಲೆಡೆ ಹಸಿರು ಇದ್ದಾಗ. ಹಾಗಾಗಿ ಎಲೆಗಳಿಗೆ ಬಣ್ಣ ಬಳಿದು ರಸ್ತೆಗೆ ಚೆಲ್ಲಿದರು. ಶಾಟ್ ಮುಗಿದ ಮೇಲೆ ಅವನ್ನೇ ಒಟ್ಟುಮಾಡಿ ಮುಂದಿನ ಶಾಟಿಗೆ ಒಯ್ದರು. ಸೂಕ್ಷ್ಮವಾಗಿ ನೋಡಿದರೆ ಹಿಂದೆ ಎಲ್ಲೋ ತಾಳೆಮರಗಳೂ ಕಾಣುತ್ತವೆ. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಎರಡು ಡಾಲರಿಗೂ ಕಡಿಮೆಗೆ ಸಿಕ್ಕ ರಬ್ಬರ್ ಮುಖ. 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನದು. ಕಲಾ ನಿರ್ದೇಶನ ನೋಡಿಕೊಳ್ಳುತ್ತಿದ್ದ ಟಾಮಿ ಲೀ ವ್ಯಾಲೇಸ್ ಅದರ ಕಣ್ಣಿನ ತೂತು ದೊಡ್ಡದು ಮಾಡಿ, ಮೇಲೆ ಬಿಳಿ ಬಣ್ಣ ಹೊಡೆದರು. ಅಷ್ಟಕ್ಕೇ ಅದರಲ್ಲಿದ್ದ ಮನುಷ್ಯನ ಕಳೆ ಹೊರಟುಹೋಯಿತು. ಅದನ್ನು ತೊಟ್ಟು ನಡೆದ ನಿಕ್ ಕ್ಯಾಸಲ್‌ಗೆ ದಿನಕ್ಕೆ 25 ಡಾಲರ್ ಸಂಬಳ. ನಾಯಕಿಯಾಗಿ ಮೊದಲ ಬಾರಿ ಸಿನಿಮಾಕ್ಕೆ ಬಂದ ಜೇಮಿ ಲೀ ಕರ್ಟಿಸ್‌ಗೆ ಸಿಕ್ಕಿದ್ದು 8,000.

ಹೀಗೆ ಎಲ್ಲ ಕಡೆ ಉಳಿಸಿದ್ದನ್ನು ನಿರ್ದೇಶಕ ಜಾನ್ ಕಾರ್ಪೆಂಟರ್ ಹಾಕಿದ್ದು ಕ್ಯಾಮೆರಾಕ್ಕೆ, ಪ್ಯಾನಾವಿಷನ್ ಕಂಪನಿಯ ಅಗಲ ಪರದೆಯ ಲೆನ್ಸುಗಳಿಗೆ. ಸಣ್ಣ ಸಿನಿಮಾ ಮಾಡುವವರು ಮೊದಲು ಕೈಬಿಡುವುದೇ ಅದನ್ನು. ಕಾರ್ಪೆಂಟರ್ ಯಾಕೆ ಬಿಡಲಿಲ್ಲ ಅನ್ನುವುದು ಸಿನಿಮಾ ನೋಡಿದರೆ ಗೊತ್ತಾಗುತ್ತದೆ. ಪರದೆ ಅಗಲವಾದಷ್ಟೂ ಪಾತ್ರದ ಅಕ್ಕಪಕ್ಕ ಖಾಲಿ ಜಾಗ ಹೆಚ್ಚು. ಆ ಖಾಲಿ ಜಾಗದ ಮೇಲೆ ನಮ್ಮ ಕಣ್ಣು ಕಾವಲು ಕೂರುತ್ತದೆ. ಹಾಡುಹಗಲಲ್ಲಿ ಮೂವರು ಹುಡುಗಿಯರು ಶಾಲೆಯಿಂದ ಹರಟೆ ಹೊಡೆಯುತ್ತ ಮನೆಗೆ ನಡೆಯುತ್ತಾರೆ. ಏನೂ ಆಗುವುದಿಲ್ಲ. ಆದರೂ ನಾವು ಅವರನ್ನು ಬಿಟ್ಟು ಬೇಲಿಯ ಅಂಚನ್ನು ನೋಡುತ್ತಿರುತ್ತೇವೆ. ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಬಾಡಿಗೆ ವಿಡಿಯೋ ಕ್ಯಾಸೆಟ್ಟಿನಲ್ಲಿ, ಟೀವಿಯ ಚೌಕಕ್ಕೆ ಹೊಂದಿಸಲು ಎರಡೂ ಬದಿ ಕತ್ತರಿಸಿದ್ದ ಪ್ರತಿಯಲ್ಲಿ. ಅದರಲ್ಲೂ ಹೆದರಿಕೆ ಆಯಿತು. ಮುಂದೆ ಪೂರ್ತಿ ಅಗಲದಲ್ಲಿ ನೋಡಿದಾಗ ಮಾತ್ರ ಈ ಮನುಷ್ಯ ದುಡ್ಡನ್ನು ಎಲ್ಲಿ ಹೂತಿಟ್ಟಿದ್ದ ಅನ್ನುವುದು ಕಂಡಿತು.

ಇಡೀ ಚಿತ್ರದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಶಾಟ್‌ನಲ್ಲಿ ರಕ್ತ ಇಲ್ಲ, ಓಟ ಇಲ್ಲ. ಗೆಳತಿಯರ ಹೆಣಗಳನ್ನು ಕಂಡ ನಾಯಕಿ ಲಾರಿ ಅಳುತ್ತ ಹಿಂದೆ ಸರಿದು ಗೋಡೆಗೆ ಒರಗುತ್ತಾಳೆ. ಅವಳ ಪಕ್ಕದಲ್ಲಿ ಇನ್ನೊಂದು ಕೋಣೆಯ ಬಾಗಿಲು, ಒಳಗೆ ಬರೀ ಕಪ್ಪು. ನಾವು ಅವಳ ಮುಖವನ್ನೇ ನೋಡುತ್ತಿದ್ದೇವೆ. ಅಷ್ಟರಲ್ಲಿ ಆ ಕಪ್ಪಿನೊಳಗೆ ಬಿಳಿ ಮುಖವಾಡ ನಿಧಾನಕ್ಕೆ ಮೂಡುತ್ತದೆ. ಅವನು ನಡೆದು ಬರುವುದಿಲ್ಲ, ಮೊದಲಿನಿಂದಲೂ ಅಲ್ಲೇ ನಿಂತಿದ್ದ, ನಮ್ಮ ಕಣ್ಣು ಈಗ ಕತ್ತಲಿಗೆ ಹೊಂದಿಕೊಂಡಿತು ಅನ್ನಿಸುತ್ತದೆ. ಛಾಯಾಗ್ರಾಹಕ ಡೀನ್ ಕಂಡಿ ಇದನ್ನು ಮಾಡಿದ್ದು ಡಿಮ್ಮರ್ ಹಾಕಿದ ಒಂದು ಸಣ್ಣ ಲೈಟಿನಲ್ಲಿ, ಅದನ್ನು ಮೆಲ್ಲಗೆ ಏರಿಸಿ. ಒಂದು ಬಲ್ಬು, ಒಂದು ರೆಗ್ಯುಲೇಟರ್, ಎಷ್ಟು ಹೊತ್ತಿಗೆ ಎಷ್ಟು ತಿರುಗಿಸಬೇಕು ಅನ್ನುವ ತಿಳಿವಳಿಕೆ. ಇಂದಿನ ಸಿನಿಮಾದವರು ಅದೇ ಜಾಗದಲ್ಲಿ ಢಮಾರ್ ಅಂತ ಸದ್ದು ಹಾಕಿ ನಮ್ಮನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದರು.

ಸಂಗೀತವೂ ಕಾರ್ಪೆಂಟರ್ ಅವರದೇ. ಬೇರೆಯವರಿಗೆ ಕೊಡಲು ದುಡ್ಡಿರಲಿಲ್ಲ. ತಾವು ಚಿಕ್ಕವರಿದ್ದಾಗ ಅಪ್ಪ ಬಾಂಗೋ ಡ್ರಮ್ಮಿನ ಮೇಲೆ ಹೇಳಿಕೊಟ್ಟಿದ್ದ ಐದರ ಎಣಿಕೆಯನ್ನು ಪಿಯಾನೋಕ್ಕೆ ತಂದರು. ಖಂಡ ಛಾಪು ಕೇಳಿ ಬೆಳೆದವರಿಗೆ ಆ ಐದು ಕೂಡಲೇ ಸಿಗುತ್ತದೆ, ಒಳಗಿನ ಹಂಚಿಕೆ ಮಾತ್ರ ಬೇರೆ. ನಾಲ್ಕಕ್ಕೆ ಕಾಲು ಕುಟ್ಟಿ ಅಭ್ಯಾಸವಾದವರಿಗೆ ಅದು ಎಲ್ಲೂ ನೆಲೆ ನಿಲ್ಲುವುದಿಲ್ಲ. ಚಿತ್ರ ಅಮೆರಿಕವೊಂದರಲ್ಲೇ 4.7 ಕೋಟಿ ಡಾಲರ್ ಗಳಿಸಿತು. ಅದರ ಬೆನ್ನಿಗೆ ಬಂದವರೆಲ್ಲ ಮುಖವಾಡವನ್ನೂ ಚಾಕುವನ್ನೂ ಎತ್ತಿಕೊಂಡರು. ಖಾಲಿ ಜಾಗವನ್ನು ಮುಟ್ಟಿದವರು ಬಹಳ ಕಡಿಮೆ.

ಇದಕ್ಕೂ ನಾಲ್ಕು ವರ್ಷ ಮೊದಲಿನ 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ಇನ್ನೂ ಬಡ ಸಿನಿಮಾ. ಸುಮಾರು 1 ಲಕ್ಷ 40 ಸಾವಿರ ಡಾಲರ್. 16 ಎಂಎಂ ಕ್ಯಾಮೆರಾ, 1973ರ ಬೇಸಿಗೆ, ಟೆಕ್ಸಾಸಿನ ರೌಂಡ್ ರಾಕ್ ಹತ್ತಿರದ ಒಂದು ಹಳೆಯ ಮನೆ. ನನ್ನ ಪಾಲಿಗೆ ಈ ಜಾತಿಯ ಅತ್ಯುತ್ತಮ ಚಿತ್ರ ಇದೇ. ನೋಡದವರು ಇದು ರಕ್ತದ ಹೊಳೆ ಇರಬೇಕು ಅಂದುಕೊಂಡಿದ್ದಾರೆ. ನೋಡಿದವರಲ್ಲೂ ಅನೇಕರು ಹಾಗೆಯೇ ನೆನಪಿಟ್ಟುಕೊಂಡಿದ್ದಾರೆ. ನಿಜಕ್ಕೂ ರಕ್ತ ತೀರಾ ಕಮ್ಮಿ. ಮಕ್ಕಳೂ ದೊಡ್ಡವರ ಜೊತೆ ನೋಡಬಹುದಾದ ಪ್ರಮಾಣಪತ್ರ ಸಿಗಲಿ ಅಂತ ನಿರ್ದೇಶಕ ಟೋಬಿ ಹೂಪರ್ ಆಸೆ ಇಟ್ಟುಕೊಂಡಿದ್ದರಂತೆ. ಹುಡುಗಿಯೊಬ್ಬಳನ್ನು ಮಾಂಸದ ಕೊಕ್ಕೆಗೆ ತೂಗುಹಾಕುವ ದೃಶ್ಯದಲ್ಲಿ ಕೊಕ್ಕೆ ಚುಚ್ಚುವುದು ತೋರಿಸುವುದೇ ಇಲ್ಲ. ಅವಳ ಕೆಳಗೆ ಒಂದು ಪಾತ್ರೆ ಇಟ್ಟಿದ್ದಾರೆ, ಅಷ್ಟೇ. ಪಾತ್ರೆ ಯಾಕೆ ಅಂತ ನಮಗೆ ಹೊಳೆಯುತ್ತದೆ, ಉಳಿದದ್ದನ್ನು ನಾವೇ ನೋಡಿಬಿಡುತ್ತೇವೆ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಈ ಚಿತ್ರಕ್ಕೆ 1999ರವರೆಗೂ ಪ್ರಮಾಣಪತ್ರ ಕೊಡಲಿಲ್ಲ. ಇದನ್ನು ಕತ್ತರಿಸುವುದಾದರೂ ಎಲ್ಲಿ?

ಇದರ ಮೊದಲ ಕೊಲೆ ನಡೆಯುವುದು ಮಟಮಟ ಮಧ್ಯಾಹ್ನ. ಪೆಟ್ರೋಲ್ ಕೇಳಲು ಬಂದ ಹುಡುಗ ಮನೆಯೊಳಗೆ ಹೆಜ್ಜೆ ಇಡುತ್ತಾನೆ. ಒಳಗಿನಿಂದ ಹಂದಿ ಕೂಗಿದಂಥ ಸದ್ದು. ಹೊಸ್ತಿಲಲ್ಲಿ ಎಡವುತ್ತಾನೆ, ತಲೆ ಎತ್ತುವಷ್ಟರಲ್ಲಿ ದೈತ್ಯನಂಥ ಆಳು ಎದುರಿಗೆ. ಸುತ್ತಿಗೆಯ ಒಂದೇ ಏಟು. ಹುಡುಗ ಬಿದ್ದು ಕಾಲು ಒದರುತ್ತಾನೆ, ಅವನನ್ನು ಒಳಗೆ ಎಳೆದುಕೊಂಡು ತಗಡಿನ ಬಾಗಿಲನ್ನು ದಢಾರನೆ ಜಾರಿಸಿ ಮುಚ್ಚುತ್ತಾನೆ. ಎಚ್ಚರಿಕೆಯ ಸಂಗೀತವಿಲ್ಲ, ಹತ್ತಿರದ ಶಾಟ್ ಇಲ್ಲ, ಮತ್ತೆ ತೋರಿಸುವುದೂ ಇಲ್ಲ. ಕಸಾಯಿಖಾನೆಯಲ್ಲಿ ದಿನವೂ ನಡೆಯುವ ಕೆಲಸದ ವೇಗ ಅದು. ಆ ದೈತ್ಯನ ಕುಟುಂಬ ಬದುಕಿದ್ದೂ ಕಸಾಯಿಖಾನೆಯ ಕೆಲಸದಿಂದಲೇ ಅನ್ನುವುದನ್ನು ಸಿನಿಮಾ ಮೊದಲೇ ಹೇಳಿಟ್ಟಿರುತ್ತದೆ. ಸುತ್ತಿಗೆ ಏಟಿನ ಕಾಲ ಹೋಗಿ ಯಂತ್ರ ಬಂತು, ಜನ ಕೆಲಸ ಕಳೆದುಕೊಂಡರು ಅನ್ನುವ ಮಾತು ಹುಡುಗ ಹುಡುಗಿಯರು ಬರುವ ವ್ಯಾನಿನೊಳಗೆ ಬಂದುಹೋಗುತ್ತದೆ. ಹೆದರಿಕೆ ಹುಟ್ಟಿಸಲು ದೆವ್ವವೇ ಬೇಕಿಲ್ಲ ಅನ್ನುವುದು ನನಗೆ ಈ ಸಿನಿಮಾದಿಂದ ಖಚಿತವಾಯಿತು.

ಆದರೆ ಕೊರತೆಯನ್ನು ತುಂಬಿದವರು ಯಾರು ಅಂತ ಆಗಲೇ ಕೇಳಿದೆನಲ್ಲ, ಅದು ಈ ಚಿತ್ರದಲ್ಲಿ ನನ್ನನ್ನು ಬಹಳ ಕಾಡುತ್ತದೆ. ಸುತ್ತಿಗೆ ಹಿಡಿದ ಆ ದೈತ್ಯ, ಲೆದರ್‌ಫೇಸ್ ಪಾತ್ರದ ಗುನ್ನಾರ್ ಹ್ಯಾನ್ಸನ್‌ಗೆ ಇದ್ದದ್ದು ಒಂದೇ ಜೊತೆ ಬಟ್ಟೆ. ಒಗೆದರೆ ಬಣ್ಣ ಬದಲಾಗಿ ದೃಶ್ಯಗಳು ಹೊಂದುವುದಿಲ್ಲ ಅಂತ ಶೂಟಿಂಗ್ ಪೂರ್ತಿ ಒಗೆಯಲೇ ಇಲ್ಲ, ಅದೂ ಟೆಕ್ಸಾಸಿನ ಬಿಸಿಲಲ್ಲಿ. ಊಟದ ಮೇಜಿನ ದೃಶ್ಯದಲ್ಲಿ ಅಜ್ಜನಾಗಿ ನಟಿಸಿದ ಹುಡುಗನಿಗೆ ಮುಖಕ್ಕೆ ಮೇಕಪ್ ಮೆತ್ತಲು ಗಂಟೆಗಟ್ಟಲೆ ಬೇಕಿತ್ತು. ಇನ್ನೊಮ್ಮೆ ಅದನ್ನು ಹಾಕಿಸಿಕೊಳ್ಳುವುದಿಲ್ಲ ಅಂತ ಅವನು ಹಟ ಹಿಡಿದ. ಹಾಗಾಗಿ ಎಲ್ಲವನ್ನೂ ಒಂದೇ ಪಟ್ಟಿಗೆ, ಒಂದು ದಿನಕ್ಕೂ ಮೀರಿ ಶೂಟ್ ಮಾಡಿದರು. ಹಗಲನ್ನು ರಾತ್ರಿ ಮಾಡಲು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ, ಒಳಗೆ ಸಿನಿಮಾ ಲೈಟುಗಳ ಕಾವು, ಮೇಜಿನ ಮೇಲೆ ಕೊಳೆಯುತ್ತಿದ್ದ ಮಾಂಸ. ನಕಲಿ ರಕ್ತದ ನಳಿಕೆ ಕೈಕೊಟ್ಟಾಗ ನಾಯಕಿ ಮರಿಲಿನ್ ಬರ್ನ್ಸ್ ಅವರ ಬೆರಳನ್ನು ನಿಜವಾಗಿಯೇ ಕೊಯ್ದರು. ಸಿನಿಮಾ ಕೋಟಿಗಟ್ಟಲೆ ದುಡಿಯಿತು, ನಟರಿಗೆ ಅದರಲ್ಲಿ ಹೋದದ್ದು ತೀರಾ ಪುಡಿಕಾಸು. ಆ ದೃಶ್ಯದಲ್ಲಿ ಬರ್ನ್ಸ್ ಕಿರುಚುವುದನ್ನು ಕೇಳಿದಾಗೆಲ್ಲ ಇದು ನನಗೆ ನೆನಪಾಗುತ್ತದೆ, ಆಗಲೂಬೇಕು. ಅಭಿಮಾನಿಗಳು ಇಂಥ ಕಥೆಗಳನ್ನು ಹೆಮ್ಮೆಯಿಂದ ಹೇಳುವುದುಂಟು. ನನಗೆ ಅದರಲ್ಲಿ ಹೆಮ್ಮೆಪಡುವಂಥದ್ದು ಕಾಣುವುದಿಲ್ಲ. ಬಣ್ಣದ ಎಲೆ ಒಟ್ಟುಮಾಡುವುದು ಒಂದು, ನಟಿಯ ಬೆರಳು ಕೊಯ್ಯುವುದು ಇನ್ನೊಂದು. ಎರಡನ್ನೂ 'ಕಷ್ಟಪಟ್ಟು ಮಾಡಿದರು' ಅನ್ನುವ ಒಂದೇ ಮಾತಿನಲ್ಲಿ ಸೇರಿಸಬಾರದು.

1980ರ 'ಫ್ರೈಡೇ ದಿ ಥರ್ಟೀನ್ತ್' ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. 'ಹ್ಯಾಲೋವೀನ್' ಗಳಿಸಿದ್ದನ್ನು ನೋಡಿಯೇ ಇದನ್ನು ಮಾಡಿದ್ದು ಅಂತ ನಿರ್ದೇಶಕ ಶಾನ್ ಕನಿಂಗ್‌ಹ್ಯಾಮ್ ಮುಚ್ಚಿಡಲಿಲ್ಲ. ಚಿತ್ರಕಥೆ ಸಿದ್ಧವಾಗುವ ಮೊದಲೇ ಪತ್ರಿಕೆಯಲ್ಲಿ ಹೆಸರಿನ ಜಾಹೀರಾತು ಬಂದಿತ್ತು. ಸುಮಾರು ಐದೂವರೆ ಲಕ್ಷ ಡಾಲರ್, ನ್ಯೂ ಜೆರ್ಸಿಯ ಒಂದು ಸ್ಕೌಟ್ ಕ್ಯಾಂಪ್. ಇಲ್ಲಿ ಗಮನವೆಲ್ಲ ಟಾಮ್ ಸವಿನಿಯವರ ಮೇಕಪ್ ಮೇಲೆ. ಅವರ ಕೈಚಳಕ ದೊಡ್ಡದು, ಅನುಮಾನವಿಲ್ಲ. ಮಂಚದ ಕೆಳಗಿನಿಂದ ಬಾಣ ಬಂದು ಕೆವಿನ್ ಬೇಕನ್ ಗಂಟಲು ಸೀಳುವ ದೃಶ್ಯ ಇವತ್ತಿಗೂ ನಂಬುವ ಹಾಗಿದೆ. ಆದರೆ ಒಂದು ಕೊಲೆಗೂ ಇನ್ನೊಂದಕ್ಕೂ ನಡುವೆ ಸಿನಿಮಾ ಬರಿದು. ಸಾಯುವವರು ಯಾರು ಅಂತಲೇ ನಮಗೆ ಗೊತ್ತಾಗುವುದಿಲ್ಲ. ಒಂದು ದೃಶ್ಯದಲ್ಲಿ ನಿಜವಾದ ಹಾವನ್ನೇ ಕ್ಯಾಮೆರಾ ಮುಂದೆ ಕೊಂದಿದ್ದಾರೆ. ಅದನ್ನು ನಾನು ಕ್ಷಮಿಸಲಾರೆ. ಚಿತ್ರವನ್ನು ಉಳಿಸುವುದು ಕೊನೆಗೆ ಬರುವ ಬೆಟ್ಸಿ ಪಾಮರ್. ಕಾರು ಕೊಳ್ಳಲು ದುಡ್ಡು ಬೇಕಿತ್ತು ಅಂತ ಒಪ್ಪಿಕೊಂಡ ಪಾತ್ರವಂತೆ. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಹುಚ್ಚನ್ನು ಆಕೆ ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆಂದರೆ ಕೊನೆಯ ಇಪ್ಪತ್ತು ನಿಮಿಷ ಬೇರೆಯೇ ಸಿನಿಮಾ ನೋಡಿದಂತಾಗುತ್ತದೆ.

ಸ್ಲಾಷರ್‌ಗಳ ಮೇಲಿನ ದೊಡ್ಡ ಆರೋಪಕ್ಕೆ ಬರುತ್ತೇನೆ. ಇವು ಹೆಣ್ಣಿನ ಮೇಲಿನ ಹಿಂಸೆಯನ್ನು ಮನರಂಜನೆ ಮಾಡುತ್ತವೆ, ಸ್ವಚ್ಛಂದವಾಗಿದ್ದ ಹುಡುಗಿ ಸಾಯುತ್ತಾಳೆ, 'ಒಳ್ಳೆಯ' ಹುಡುಗಿ ಉಳಿಯುತ್ತಾಳೆ ಅನ್ನುವುದು. ನಕಲು ಮಾಡಿದ ನೂರಾರು ಚಿತ್ರಗಳ ಮಟ್ಟಿಗೆ ಈ ಆರೋಪ ಸತ್ಯ, ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಈ ಪರಂಪರೆಯ ಬುಡಕ್ಕೆ ಹೋಗಿ ನೋಡಿ. 1974ರಲ್ಲಿ ಬಾಬ್ ಕ್ಲಾರ್ಕ್ ಕೆನಡಾದಲ್ಲಿ ಮಾಡಿದ 'ಬ್ಲ್ಯಾಕ್ ಕ್ರಿಸ್ಮಸ್' ಚಿತ್ರದ ನಾಯಕಿ ಜೆಸ್ ಮದುವೆಯಾಗದೆ ಬಸಿರಾದವಳು. ಗರ್ಭಪಾತ ಮಾಡಿಸಿಕೊಳ್ಳುತ್ತೇನೆ ಅಂತ ಗೆಳೆಯನ ಮುಖಕ್ಕೇ ಹೇಳುತ್ತಾಳೆ, ಅವನು ಕೂಗಾಡಿದರೂ ಮಾತು ಬದಲಿಸುವುದಿಲ್ಲ. ಸಿನಿಮಾ ಅವಳನ್ನು ಅದಕ್ಕಾಗಿ ಶಿಕ್ಷಿಸುವುದಿಲ್ಲ. ಮೊದಲು ಸಾಯುವವಳೋ, ಆ ಮನೆಯ ಅತ್ಯಂತ ಸಂಭಾವಿತ ಹುಡುಗಿ.

ಈ ಚಿತ್ರದ ಭಯವೆಲ್ಲ ಇರುವುದು ಫೋನಿನಲ್ಲಿ. ಹುಡುಗಿಯರ ಹಾಸ್ಟೆಲಿನಂಥ ಮನೆಗೆ ಕರೆ ಬರುತ್ತದೆ. ಒಂದೇ ಗಂಟಲಲ್ಲಿ ಹಲವು ದನಿಗಳು, ಗಂಡು, ಹೆಣ್ಣು, ಮಗು. ಕರೆ ಎಲ್ಲಿಂದ ಅಂತ ಹುಡುಕಲು ಟೆಲಿಫೋನ್ ಎಕ್ಸ್‌ಚೇಂಜಿನ ನೌಕರನೊಬ್ಬ ಸಾಲುಸಾಲು ಕಬ್ಬಿಣದ ರ‍್ಯಾಕುಗಳ ನಡುವೆ ಓಡುತ್ತಾನೆ, ಟಕಟಕ ಅನ್ನುವ ಸ್ವಿಚ್ಚುಗಳನ್ನು ಕಣ್ಣಲ್ಲೇ ಹಿಂಬಾಲಿಸುತ್ತ. ಅವನು ಓಡಿ ಮುಗಿಸುವವರೆಗೂ ಜೆಸ್ ಆ ದನಿಯನ್ನು ಕಿವಿಗೆ ಒತ್ತಿಕೊಂಡೇ ಇರಬೇಕು. ಕೊನೆಗೆ ತಿಳಿಯುವುದು, ಕರೆ ಅದೇ ಮನೆಯೊಳಗಿನಿಂದ ಬರುತ್ತಿದೆ ಅಂತ. ಕೊಲೆಗಾರ ಅಟ್ಟದ ಮೇಲಿದ್ದಾನೆ. ನಾನು ಬೆಳೆದ ಸಾಗರದ ಕಡೆಯ ಮನೆಯಲ್ಲಿ ಅಡಿಕೆ ಚೀಲ, ಹಳೆಯ ಪಾತ್ರೆ ತುಂಬಿಟ್ಟ ಅಟ್ಟವಿತ್ತು. ರಾತ್ರಿ ಹೆಗ್ಗಣ ಓಡಿದರೂ ಸಾಕು, ನಾವು ಮಕ್ಕಳು ಉಸಿರು ಹಿಡಿಯುತ್ತಿದ್ದೆವು. ಹಾಗಾಗಿ ಈ ಸಿನಿಮಾ ನನಗೆ ಕೆನಡಾದ್ದು ಅಂತ ಅನ್ನಿಸಲೇ ಇಲ್ಲ. ಕೊಲೆಗಾರನ ಮುಖವನ್ನು ಕೊನೆಯವರೆಗೂ ತೋರಿಸುವುದಿಲ್ಲ, ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಮಾತ್ರ. ಅವನು ಯಾರು, ಯಾಕೆ ಕೊಲ್ಲುತ್ತಾನೆ ಅಂತ ಹೇಳುವುದಿಲ್ಲ. ಮುಂದೆ ಬಂದ ಚಿತ್ರಗಳು ಕೊಲೆಗಾರನಿಗೆ ಬಾಲ್ಯ, ವಂಶ, ಶಾಪ ಎಲ್ಲ ಕೊಟ್ಟು ವಿವರಿಸಿ ವಿವರಿಸಿ ಭಯವನ್ನು ಕೊಂದವು.

ಅಮೆರಿಕದ ವಿದ್ವಾಂಸೆ ಕರೋಲ್ ಕ್ಲೋವರ್ 1987ರ ಒಂದು ಲೇಖನದಲ್ಲಿ, ಆಮೇಲೆ 1992ರ ಪುಸ್ತಕದಲ್ಲಿ, ಕೊನೆಗೆ ಉಳಿಯುವ ಈ ಹುಡುಗಿಗೆ 'ಫೈನಲ್ ಗರ್ಲ್' ಅಂತ ಹೆಸರಿಟ್ಟರು. ಶುರುವಿನಲ್ಲಿ ಕೊಲೆಗಾರನ ಕಣ್ಣಿಂದ ನೋಡುವ ಗಂಡು ಪ್ರೇಕ್ಷಕ ಕೊನೆಗೆ ಆ ಹುಡುಗಿಯ ಜೊತೆ ನಿಂತು, ಅವಳ ಭಯವನ್ನೇ ತನ್ನದಾಗಿಸಿಕೊಳ್ಳುತ್ತಾನೆ ಅನ್ನುವುದು ಅವರು ಕಂಡ ಮುಖ್ಯ ಸಂಗತಿ. ನನ್ನ ಅನುಭವ ಇದಕ್ಕೆ ಹತ್ತಿರ. 'ಹ್ಯಾಲೋವೀನ್' ಶುರುವಾಗುವುದು ಕೊಲೆಗಾರನ ಕಣ್ಣಿನಿಂದ. ಮುಗಿಯುವ ಹೊತ್ತಿಗೆ ನಾನು ಬಟ್ಟೆ ಕಪಾಟಿನೊಳಗೆ ಮುದುಡಿ ಕೂತು ತಂತಿಯ ಹ್ಯಾಂಗರನ್ನು ನೆಟ್ಟಗೆ ಮಾಡುತ್ತಿರುವ ಲಾರಿ ಆಗಿರುತ್ತೇನೆ.

ಹೆಣ್ಣುಮಕ್ಕಳೇ ಬರೆದು ನಿರ್ದೇಶಿಸಿದ ಸ್ಲಾಷರ್ ಕೂಡ ಇದೆ, 1982ರ 'ದಿ ಸ್ಲಂಬರ್ ಪಾರ್ಟಿ ಮ್ಯಾಸಕರ್'. ಸ್ತ್ರೀವಾದಿ ಲೇಖಕಿ ರೀಟಾ ಮೇ ಬ್ರೌನ್ ಅಣಕವಾಗಿ ಬರೆದ ಚಿತ್ರಕಥೆಯನ್ನು ಏಮಿ ಹೋಲ್ಡನ್ ಜೋನ್ಸ್ ನಿರ್ದೇಶಿಸಿದರು. ಸ್ಪೀಲ್‌ಬರ್ಗ್ ಅವರ 'ಇ.ಟಿ.' ಸಂಕಲನದ ಕೆಲಸ ಬಿಟ್ಟು ಇದಕ್ಕೆ ಬಂದವರು ಜೋನ್ಸ್. ನಿರ್ಮಾಪಕ ರೋಜರ್ ಕಾರ್ಮನ್ ಲೆಕ್ಕಾಚಾರಕ್ಕೆ ಬೇಕಾದ ಸ್ನಾನದ ದೃಶ್ಯಗಳು ಇದರಲ್ಲೂ ಇವೆ, ನನಗೆ ಅವು ಇಷ್ಟವಿಲ್ಲ. ಆದರೆ ಆ ಹುಡುಗಿಯರು ಒಬ್ಬರ ಜೊತೆಗೊಬ್ಬರು ಮಾತಾಡುವ ರೀತಿ, ಸಿಟ್ಟಾಗುವ ರೀತಿ ಆ ಕಾಲದ ಗಂಡಸರ ಸಿನಿಮಾಗಳಲ್ಲಿ ಸಿಗದು. ಕೊನೆಗೆ ಅವರು ಸೇರಿಯೇ ಹೋರಾಡುತ್ತಾರೆ.

ಬಡತನವಿದ್ದ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗುವುದಿಲ್ಲ, ಇದನ್ನು ಹೇಳಲೇಬೇಕು. ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ವಿಡಿಯೋ ಕ್ಯಾಮೆರಾದಲ್ಲೇ ತೆಗೆದು ನೇರ ಕ್ಯಾಸೆಟ್ ಅಂಗಡಿಗೆ ಕಳಿಸಿದ ಸ್ಲಾಷರ್‌ಗಳು ರಾಶಿ ಬಂದವು. ನೋಡಿದ್ದೇನೆ. ಅವಧಿ ತುಂಬಿಸಲು ಬಾಗಿಲು ತೆರೆಯುವುದನ್ನೂ ಸ್ಲೋ ಮೋಷನ್‌ನಲ್ಲಿ ತೋರಿಸುತ್ತಾರೆ. ಈಗ ಗೆಳೆಯರು ಗುಂಪು ಸೇರಿ ಇಂಥವನ್ನು ಹಾಕಿ ನಗುವುದು ಒಂದು ಅಭ್ಯಾಸವಾಗಿದೆ. ನನಗೆ ಅದು ಒಗ್ಗುವುದಿಲ್ಲ. ಕೆಟ್ಟ ಸಿನಿಮಾವನ್ನು ಕೆಟ್ಟದ್ದು ಅಂತ ಬದಿಗಿಡಬೇಕು. ಅದರಲ್ಲಿ ಯಾರೋ ಒಬ್ಬರು ಮನಸ್ಸಿಟ್ಟು ಮಾಡಿದ ಒಂದು ಶಾಟ್ ಇದ್ದರೆ ಅದನ್ನು ಗುರುತಿಸಬೇಕು.

ಹೊಸಬರಲ್ಲಿ ಡೇಮಿಯನ್ ಲಿಯೋನ್ ಹೆಸರು ಹೇಳದೆ ಮುಂದೆ ಹೋಗಲಾಗದು. 'ಟೆರಿಫೈಯರ್' ಸರಣಿಯ ಎರಡನೆಯ ಚಿತ್ರವನ್ನು ಜನರಿಂದ ಚಂದಾ ಎತ್ತಿ, ಸುಮಾರು 2.5 ಲಕ್ಷ ಡಾಲರಿನಲ್ಲಿ ಮುಗಿಸಿ 2022ರಲ್ಲಿ ಚಿತ್ರಮಂದಿರಕ್ಕೆ ತಂದರು. ಅದು ಒಂದು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಮೇಕಪ್ ಕೆಲಸದಿಂದ ಬಂದ ಅವರು ಸೀಳಿದ ಮೈಗಳನ್ನು ತಾವೇ ಕೈಯಾರೆ ಮಾಡುತ್ತಾರೆ. ಆ ಶ್ರಮಕ್ಕೆ ನನ್ನ ಗೌರವವಿದೆ. ಬಾಯಿ ಬಿಡದ ಕೋಡಂಗಿಯಾಗಿ ಡೇವಿಡ್ ಹೊವಾರ್ಡ್ ಥಾರ್ನ್‌ಟನ್ ಮಾಡುವ ಅಭಿನಯವೂ ಅಪರೂಪದ್ದು. ಆದರೆ ಒಂದು ಕೊಲೆ ನಿಮಿಷಗಟ್ಟಲೆ ನಡೆದಾಗ ನನ್ನ ಮನಸ್ಸು ಸಾಯುತ್ತಿರುವ ಹುಡುಗಿಯನ್ನು ಬಿಟ್ಟು ಅಂಟು, ರಬ್ಬರು, ಬಣ್ಣದ ಕಡೆ ಹೋಗಿಬಿಡುತ್ತದೆ. ಸುತ್ತಿಗೆಯ ಒಂದೇ ಏಟು ಕೊಟ್ಟ ಭಯವನ್ನು ಈ ಎರಡೂ ಕಾಲು ಗಂಟೆ ಕೊಡಲಿಲ್ಲ.

ಕನ್ನಡದಲ್ಲಿ ಈ ಜಾತಿ ಬೇರು ಬಿಡಲಿಲ್ಲ. 'ಹ್ಯಾಲೋವೀನ್' ಬಂದ 1978ರಲ್ಲೇ ಕಾಶೀನಾಥ್ ಸಣ್ಣ ಬಜೆಟ್ಟಿನಲ್ಲಿ 'ಅಪರಿಚಿತ' ಮಾಡಿದ್ದರು. 1993ರಲ್ಲಿ ಉಪೇಂದ್ರ 'ಶ್!' ಮಾಡಿದರು, 2013ರಲ್ಲಿ '6-5=2' ಹೊಸ ಮುಖಗಳನ್ನಿಟ್ಟುಕೊಂಡು ಗೆದ್ದಿತು. ಸಸ್ಪೆನ್ಸ್ ಇದೆ, ದೆವ್ವ ಇದೆ, ಕಾರಣವಿಲ್ಲದೆ ಕೊಲ್ಲುವ ಮನುಷ್ಯ ಮಾತ್ರ ಇಲ್ಲ. ನಮ್ಮ ಕಥೆಗಳಲ್ಲಿ ಕೊಲ್ಲುವುದಕ್ಕೆ ಒಂದು ಅನ್ಯಾಯ ಹಿಂದೆ ಇರಲೇಬೇಕು. ಫ್ಲ್ಯಾಷ್‌ಬ್ಯಾಕ್ ಬರುತ್ತದೆ, ನಾವು ಕಣ್ಣೀರು ಹಾಕುತ್ತೇವೆ, ದೆವ್ವಕ್ಕೆ ಮುಕ್ತಿ. ಅದೂ ಒಂದು ಬಗೆಯ ಕಥನವೇ, ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವ ಹುಡುಗ ಹುಡುಗಿಯರು ಹಾರರ್ ಮಾಡುತ್ತೇವೆ, ಏನು ಮಾಡೋಣ ಅಂತ ಕೇಳಿದಾಗ ನಾನು ಹೇಳುವುದು ಇಷ್ಟು: ಫ್ಲ್ಯಾಷ್‌ಬ್ಯಾಕ್ ಬರೆಯಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಮನೆ ಆರಿಸಿಕೊಳ್ಳಿ, ಅದರ ಪ್ರತಿ ಬಾಗಿಲ ಸದ್ದನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಕಲಿ ರಕ್ತಕ್ಕೆ ಇಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ಮೈಕು ಬಾಡಿಗೆಗೆ ತನ್ನಿ. ನಟಿಸುವವರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿ, ರಾತ್ರಿ ಶೂಟಿಂಗ್ ಆದರೆ ಮನೆ ತನಕ ಬಿಟ್ಟು ಬನ್ನಿ.